ಇಲ್ಲದ ಅರ್ಥದ ಬೆನ್ನುಹತ್ತಿ

ಮಾತಿಗೆ ಕೇಳಿದೊಡನೆ ತಿಳಿಯುವ ವಾಚ್ಯಾರ್ಥ ಒಂದು, ಅದರೊಳಗೆ ಹೊಳೆಯುವ ಧ್ವನಿ ಇನ್ನೊಂದು ಎಂದು ನಮ್ಮ ಪೂರ್ವಸೂರಿಗಳು ಹೇಳಿದ್ದಾರೆ. ಆದರೆ ಧ್ವನಿಯನ್ನು ಅರಸುವವನಿಗೆ ಒಂದು ಕಟ್ಟುಪಾಡೂ ಉಂಟು. ಅವನು ಕಂಡ ಅರ್ಥವು ಹಿಂದುಮುಂದಿನ ಮಾತಿಗೆ, ಸಂದರ್ಭಕ್ಕೆ, ಕಣ್ಣೆದುರಿನ ಸಂಗತಿಗೆ ಹೊಂದಬೇಕು. ಈ ಕಟ್ಟುಪಾಡು ಕಳಚಿದರೆ ಏನಾಗುವುದೆಂಬುದಕ್ಕೆ ಅಮೆರಿಕ ದೇಶದಲ್ಲಿ ನಡೆದ ಸಂಗತಿಗಳು ಕಣ್ತೆರೆಸುವ ನಿದರ್ಶನವಾಗಿವೆ.

2016ರಲ್ಲಿ ಅಲ್ಲಿನ ಅಧ್ಯಕ್ಷ ಚುನಾವಣೆಯ ಕಾಲಕ್ಕೆ, ಹಿಲರಿ ಕ್ಲಿಂಟನ್ ಅವರ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಇ-ಮೇಲ್ ಪತ್ರಗಳನ್ನು ವಿಕಿಲೀಕ್ಸ್ ಸಂಸ್ಥೆಯು ಬಯಲು ಮಾಡಿತು. ಅವುಗಳಲ್ಲಿ ಪಿಜ್ಜಾ, ಚೀಸ್ ಮೊದಲಾದ ತಿನಿಸುಗಳ ಹೆಸರು ಬಂದಿತ್ತು. ಅಂತರಜಾಲದಲ್ಲಿ ಗುಂಪುಗೂಡಿದ ಕೆಲವರು, ಇವು ಮಕ್ಕಳನ್ನು ಮಾರುವ ಜಾಲದ ಸಂಕೇತಗಳೆಂದು ಅರ್ಥ ಹಚ್ಚಿದರು. ವಾಷಿಂಗ್ಟನ್ ನಗರದ ಉಪಾಹಾರಗೃಹವೊಂದರ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರೆಂದು ಸಾರಿದರು. ಆ ವರ್ಷದ ಡಿಸೆಂಬರ್ 4ರಂದು, ಇದನ್ನು ನಂಬಿದ ಯುವ ತಂದೆಯೊಬ್ಬನು ದೂರದ ರಾಜ್ಯದಿಂದ ಬಂದು, ಬಂದೂಕು ಹಿಡಿದು ಒಳನುಗ್ಗಿ ಗುಂಡು ಹಾರಿಸಿದನು. ಹುಡುಕಿದರೆ ಮಕ್ಕಳಿರಲಿಲ್ಲ, ನೆಲಮಾಳಿಗೆಯೇ ಇರಲಿಲ್ಲ! ಯಾರಿಗೂ ಗಾಯವಾಗಲಿಲ್ಲವೆಂಬುದೊಂದೇ ಸಮಾಧಾನ. ಅವನಿಗೆ 4 ವರ್ಷಗಳ ಸೆರೆವಾಸವಾಯಿತು.

ಅಲ್ಲಿಗೆ ಈ ಭ್ರಮೆ ಹರಿಯಬೇಕಿತ್ತು. ಹರಿಯಲಿಲ್ಲ. 2017ರ ಅಕ್ಟೋಬರ್ 5ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಸೇನಾಧಿಕಾರಿಗಳೊಡನೆ ನಿಂತು, ಇದು ಬಿರುಗಾಳಿಗೆ ಮುಂಚಿನ ಶಾಂತಿಯಿರಬಹುದೆಂಬರ್ಥದ ಮಾತೊಂದನ್ನು ಆಡಿದರು. ಅದೇ ತಿಂಗಳ 28ರಂದು ‘ಕ್ಯೂ’ ಎಂಬ ಅಜ್ಞಾತನು, ತಾನು ಸರ್ಕಾರದ ಗುಟ್ಟು ಬಲ್ಲವನೆಂಬಂತೆ ಅಂತರಜಾಲದಲ್ಲಿ ಬರೆಯತೊಡಗಿದನು. ಎರಡೇ ದಿನಗಳಲ್ಲಿ ಹಿಲರಿ ಅವರ ಬಂಧನವಾಗುವುದೆಂದನು, ಆಗಲಿಲ್ಲ. ಆದರೂ ನಂಬುವವರು ಹೆಚ್ಚಿದರು. 2020ರ ಕೊನೆಯ ಹೊತ್ತಿಗೆ ಅವನ ಬರಹಗಳು 5,000ದ ಸಮೀಪಕ್ಕೆ ಬಂದಿದ್ದವು. ಅವುಗಳಲ್ಲಿ ಬಹಳಷ್ಟು ಅರ್ಧ ವಾಕ್ಯ, ಬರಿಯ ಪ್ರಶ್ನೆ. ಉತ್ತರವನ್ನು ತುಂಬುವವರು ಓದುವವರೇ. ‘ಕ್ಯೂ’ ಇಂಗ್ಲಿಷಿನ 17ನೆಯ ಅಕ್ಷರವಾದ್ದರಿಂದ, ಆ ಅಂಕೆ ಎಲ್ಲಿ ಕಂಡರೂ ಅವರಿಗೆ ಸಂಕೇತವಾಯಿತು. ಟ್ರಂಪ್ ಅವರ ಬರಹದ ಅಕ್ಷರದೋಷವೂ ಗೂಢಲಿಪಿಯಾಯಿತು. ನುಡಿದ ಭವಿಷ್ಯ ಸುಳ್ಳಾದರೆ, ಅದು ಶತ್ರುವನ್ನು ಮರುಳುಗೊಳಿಸುವ ತಂತ್ರವೆಂದರು.

2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದವರಲ್ಲಿ ಇಂಥವರೂ ಇದ್ದರು. ಅದೇ 20ರಂದು ಟ್ರಂಪ್ ಅವರು ಬೀಳ್ಕೊಂಡಾಗ, ವೇದಿಕೆಯ ಹಿಂದಿನ ಧ್ವಜಗಳನ್ನು ಎಣಿಸಿ, 17 ಎಂದು ಹಿಗ್ಗಿದರು. ಅಂದೇ ಜೋ ಬೈಡನ್ ಅವರ ಪ್ರಮಾಣವಚನ ಸಾಂಗವಾಗಿ ನಡೆಯಿತು. ಕೆಲವರು ಎಚ್ಚೆತ್ತರು, ಉಳಿದವರು ಮಾರ್ಚ್ 4 ಎಂದು ಹೊಸ ದಿನ ಗೊತ್ತುಮಾಡಿದರು. ಅದೂ ಕಳೆಯಿತು.

ಬುದ್ಧಿವಂತರೂ ಇದಕ್ಕೆ ಸಿಲುಕುವುದೇಕೆ? ಪರರು ಹೇಳಿದ್ದಕ್ಕಿಂತ ತಾನೇ ಕಂಡುಹಿಡಿದ ಅರ್ಥವು ಮನುಷ್ಯನಿಗೆ ಹೆಚ್ಚು ಪ್ರಿಯ. ಹಲವರು ಕೂಡಿ ಹುಡುಕುವಾಗ ಸಖ್ಯದ ಸುಖವೂ ಸೇರುತ್ತದೆ. ಇವರು ಎಲ್ಲವನ್ನೂ ಸಂಶಯಿಸುತ್ತಾರೆ, ತಮ್ಮ ಅರ್ಥವೊಂದನ್ನು ಬಿಟ್ಟು! ನಿರ್ಣಯವನ್ನು ಮೊದಲೇ ಮಾಡಿಕೊಂಡು ಸಾಕ್ಷಿಯನ್ನು ಆಮೇಲೆ ಹುಡುಕುವುದು ವಿಚಾರವಲ್ಲ, ವಿಚಾರದ ವೇಷ. ಅದರಿಂದ ಅಲ್ಲಿ ತಾಯಿ-ಮಗ, ಗಂಡ-ಹೆಂಡಿರ ನಡುವೆ ಮಾತು ನಿಂತ ಮನೆಗಳುಂಟು.

ಗುಪ್ತಾರ್ಥದ ಸುದ್ದಿ ಯಾವ ಮನೆಗೆ ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: ಏನನ್ನು ಕಂಡರೆ ಇದು ಸುಳ್ಳೆಂದು ನಾವು ಒಪ್ಪುತ್ತೇವೆ? ಉತ್ತರವಿಲ್ಲದಿದ್ದರೆ ಅದು ತಿಳಿವಲ್ಲ. ಆದರೆ ನಂಬಿದವನನ್ನು ಹಂಗಿಸಬಾರದು. ಬಂದೂಕು ಹಿಡಿದು ಹೋದ ಆ ತಂದೆಗೆ ಮಕ್ಕಳ ಮೇಲಿದ್ದ ಕನಿಕರ ಸುಳ್ಳಲ್ಲ, ಸುಳ್ಳಾದದ್ದು ನೆಲಮಾಳಿಗೆ. ಕನಿಕರವನ್ನು ಗೌರವಿಸಿ, ನೆಲಮಾಳಿಗೆ ಇಲ್ಲವೆಂಬುದನ್ನು ತಾಳ್ಮೆಯಿಂದ ತೋರಿಸುವವರು ಮನೆಯಲ್ಲಿಯೇ ಇರಬೇಕು. ಇಲ್ಲವಾದರೆ ಅವನು ಗುಂಪಿನ ಕಡೆಗೇ ನಡೆಯುವನು.