ಶಾಲೆಯ ದಾರಿಯಲ್ಲಿ ಮೂರು ತಲೆಮಾರು

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡೋಣ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಲೆಡ್ಜರ್ ಬರೆದವನು ನಾನು. ಯಾವ ವಿಷಯವನ್ನಾದರೂ ಲೆಕ್ಕದಿಂದಲೇ ಶುರು ಮಾಡುವುದು ಅಭ್ಯಾಸವಾಗಿಬಿಟ್ಟಿದೆ. ನಾನು ಓದಿದ ಮಿಡ್ಲ್ ಸ್ಕೂಲು ನಮ್ಮ ಮನೆಯಿಂದ 5 ಕಿಲೋಮೀಟರ್ ದೂರ. ಹೋಗಿ ಬಂದರೆ 10. ವರ್ಷಕ್ಕೆ 220 ದಿನ ಶಾಲೆ ಎಂದು ಹಿಡಿದರೆ 2,200 ಕಿಲೋಮೀಟರ್. ಬೆಂಗಳೂರಿನಿಂದ ದಿಲ್ಲಿಗೆ ರಸ್ತೆಯಲ್ಲಿ ಹೆಚ್ಚು ಕಡಿಮೆ ಇಷ್ಟೇ ದೂರ. ಅಂದರೆ ನಾವು ವರ್ಷಕ್ಕೊಂದು ಸಲ ಬರಿಗಾಲಲ್ಲಿ ದಿಲ್ಲಿಗೆ ಹೋಗಿಬಂದಂತೆ ಆಯಿತು ಎನ್ನಬೇಡಿ, ಹೋದದ್ದಷ್ಟೇ. ಬರಲು ಇನ್ನೊಂದು ವರ್ಷ ಬೇಕು.

ಇದನ್ನು ಕೇಳಿದರೆ ಈಗಿನ ಮಕ್ಕಳು "ಪಾಪ" ಎನ್ನುತ್ತಾರೆ. ನನ್ನ ವಾರಿಗೆಯವರು "ಅಂಥ ಕಾಲ ಮತ್ತೆ ಬರುತ್ತದೆಯೇ" ಎಂದು ನಿಟ್ಟುಸಿರು ಬಿಡುತ್ತಾರೆ. ಎರಡೂ ಪೂರ್ತಿ ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ.

ನಮ್ಮೂರು ಹೊಸನಗರದ ಕಡೆಯ ಒಂದು ಹಳ್ಳಿ. ಮನೆಗಳೆಲ್ಲ ಒಂದೊಂದು ತೋಟದ ತಲೆಯಲ್ಲಿ ಒಂದೊಂದು. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಪಾಟಿಚೀಲವನ್ನು ಅದರೊಳಗೆ ಅವುಚಿ ಹಿಡಿದು ಹೊರಡುತ್ತಿದ್ದೆವು. ದಾರಿಯಲ್ಲಿ ಎರಡು ಹಳ್ಳ. ಹಳ್ಳಕ್ಕೆ ಅಡಿಕೆ ಮರದ ದಬ್ಬೆ ಹಾಕಿದ ಸಂಕ. ಹಿಡಿದುಕೊಳ್ಳಲು ಒಂದು ಬಳ್ಳಿಯೋ ಗಳವೋ ಇದ್ದರೆ ಪುಣ್ಯ. ಆಷಾಢದಲ್ಲಿ ಕೆಂಪು ನೀರು ಸಂಕದ ಅಡಿಗೇ ತಾಗಿ ಓಡುವಾಗ ಕೆಳಗೆ ನೋಡಬಾರದು, ಆಚೆ ದಡದ ಮರವನ್ನೇ ನೋಡುತ್ತ ನಡೆಯಬೇಕು ಎಂದು ದೊಡ್ಡ ಹುಡುಗರು ಹೇಳಿಕೊಟ್ಟಿದ್ದರು. ಕಾಲಿಗೆ ಹತ್ತಿದ ಉಂಬಳ ಬಿಡಿಸಲು ಪ್ರತಿಯೊಬ್ಬರ ಹತ್ತಿರವೂ ಉಪ್ಪಿನ ಪೊಟ್ಟಣ. ಬೇಸಗೆಯಲ್ಲಿ ಇದೇ ದಾರಿ ಬೇರೆ. ಕೌಳಿಹಣ್ಣು, ನೇರಳೆ, ನೆಲ್ಲಿಕಾಯಿ ಎಲ್ಲೆಲ್ಲಿ ಸಿಗುತ್ತದೆ ಎಂದು ನಮಗೆ ಪಾಠಕ್ಕಿಂತ ಚೆನ್ನಾಗಿ ಗೊತ್ತಿತ್ತು. ಶಾಲೆಯಿಂದ ಮನೆಗೆ ಬರಲು ಎರಡು ಗಂಟೆ ಹಿಡಿಯುತ್ತಿದ್ದುದು ಅದಕ್ಕೇ.

"ನಾವು ಒಬ್ಬರೇ ಹೋಗುತ್ತಿದ್ದೆವು" ಎಂದು ಅಜ್ಜಂದಿರೆಲ್ಲ ಹೇಳುತ್ತೇವಲ್ಲ, ಅಲ್ಲೊಂದು ತಿದ್ದುಪಡಿ ಬೇಕು. ನಾವು ಅಪ್ಪ ಅಮ್ಮ ಇಲ್ಲದೆ ಹೋಗುತ್ತಿದ್ದೆವು, ಒಬ್ಬರೇ ಹೋಗುತ್ತಿರಲಿಲ್ಲ. ಮೇಲಿನ ಮನೆಯ ಹುಡುಗರು ನಮ್ಮ ಮನೆಯ ಉಣುಗೋಲಿನ ಹತ್ತಿರ ಬಂದು ಕೂಗು ಹಾಕುತ್ತಿದ್ದರು. ನಾವು ಕೆಳಗಿನ ಮನೆಯ ಮುಂದೆ ಕೂಗು ಹಾಕುತ್ತಿದ್ದೆವು. ಶಾಲೆ ಮುಟ್ಟುವಷ್ಟರಲ್ಲಿ ಹದಿನೈದು ಜನ. ದಾರಿಯುದ್ದಕ್ಕೂ ಕಣ್ಣುಗಳಿದ್ದವು. ಗದ್ದೆಯಲ್ಲಿ ನಾಟಿ ಮಾಡುವವರು, ದನ ಕಾಯುವವರು, ರಸ್ತೆ ಪಕ್ಕದ ಬೀಡಿ ಬೆಂಕಿಪೊಟ್ಟಣದ ಅಂಗಡಿಯವರು. ನಾನು ಒಂದು ದಿನ ಶಾಲೆ ತಪ್ಪಿಸಿ ಕೆರೆಗೆ ಈಜಲು ಹೋದ ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಫೋನಿಲ್ಲದ ಕಾಲದಲ್ಲಿ!

ಇಷ್ಟೆಲ್ಲ ಹೇಳಿದ ಮೇಲೆ ಖಾತೆಯ ಇನ್ನೊಂದು ಬದಿಯನ್ನೂ ಬರೆಯಬೇಕು. ಆ ದಾರಿ ನಮ್ಮನ್ನು ಶಾಲೆಗೆ ಕರೆದುಕೊಂಡು ಹೋದಷ್ಟೇ ಮಕ್ಕಳನ್ನು ಮನೆಯಲ್ಲೂ ಉಳಿಸಿತು. ನನ್ನ ಅಕ್ಕ ಏಳನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದವಳು. ಲೆಕ್ಕದಲ್ಲಿ ನನ್ನನ್ನು ಮೀರಿಸಿದವಳು. ಮಗ್ಗಿ ಹೇಳಿಕೊಟ್ಟವಳೇ ಅವಳು. ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ, ಒಂಬತ್ತು ಮೈಲಿ. ನಡುವೆ ಒಂದು ಹೊಳೆ, ಅದಕ್ಕೊಂದು ದೋಣಿ. ಜೊತೆಗೆ ಹೋಗಲು ಇನ್ನೊಂದು ಹುಡುಗಿ ಇರಲಿಲ್ಲ. "ಅಷ್ಟು ದೂರ ಹೆಣ್ಣು ಹುಡುಗಿಯನ್ನು ಹೇಗೆ ಕಳಿಸೋದು?" ಎಂದರು ಅಪ್ಪ. ಅಪ್ಪ ಕೆಟ್ಟವರಲ್ಲ. ಆ ಪ್ರಶ್ನೆಗೆ ಊರಿನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ ಅಷ್ಟೆ. ಕೆಲವು ವರ್ಷಗಳ ಮೇಲೆ ನನ್ನ ಸರದಿ ಬಂದಾಗ ಅದೇ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಪೇಟೆಯ ನೆಂಟರ ಮನೆಯಲ್ಲಿ ಇಟ್ಟು ಓದಿಸಿದರು. ನಾನು ಬಿಕಾಂ ಮುಗಿಸಿ ಬ್ಯಾಂಕು ಸೇರಿದೆ. ಅಕ್ಕ ತೋಟದ ಜಮಾಖರ್ಚು ಬರೆಯುತ್ತ ಉಳಿದಳು. ಇವತ್ತಿಗೂ ಅವಳ ಕೂಡುವ ಲೆಕ್ಕ ತಪ್ಪುವುದಿಲ್ಲ.

ಆದ್ದರಿಂದ 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ, ಯಾವ ಪಕ್ಷ, ಯಾವ ಮಂತ್ರಿ ಎಂದು ನೋಡದೆ ನಾನು ಖುಷಿಪಟ್ಟೆ. ಎಂಟನೆಯದೇ ಯಾಕೆ ಎಂದರೆ, ಹಳ್ಳಿಯ ಶಾಲೆ ಏಳಕ್ಕೆ ಮುಗಿಯುತ್ತದೆ. ಮುಂದಿನ ಶಾಲೆ ದೂರ. ಅಲ್ಲೇ ಹುಡುಗಿಯರು ನಿಂತುಬಿಡುವುದು. ಅದೇ ವರ್ಷ ಬಿಹಾರದಲ್ಲೂ ಒಂಬತ್ತನೇ ತರಗತಿ ಸೇರಿದ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಪಕ್ಕದ ಜಾರ್ಖಂಡದ ಜೊತೆ ಹೋಲಿಸಿ ಅಧ್ಯಯನ ಮಾಡಿದರು. ಹೈಸ್ಕೂಲು ಸೇರುವ ಹುಡುಗಿಯರ ಸಂಖ್ಯೆ ಶೇಕಡಾ 30ರ ಆಸುಪಾಸು ಏರಿತ್ತು. ಅದರಲ್ಲೂ ಶಾಲೆ 3 ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲೇ ಹೆಚ್ಚು. ಎರಡು ಚಕ್ರ ಮಾಡಿದ ಕೆಲಸ!

ಅಕ್ಕನ ಮೊಮ್ಮಗಳಿಗೂ ಅಂಥದೊಂದು ಸೈಕಲ್ ಬಂತು. ಮಳೆಗಾಲದಲ್ಲಿ ಸಂಜೆ ಹುಡುಗಿ ಮನೆಗೆ ಬಂದ ಕೂಡಲೇ ಅಕ್ಕ ಒಂದು ಹಳೆಯ ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ, ಸೈಕಲ್ಲಿನ ಚೈನನ್ನು ತುಕ್ಕು ಹಿಡಿಯದ ಹಾಗೆ ಒರೆಸಿ ಇಡುತ್ತಿದ್ದಳು. ಮೂರು ವರ್ಷ, ಒಂದು ದಿನವೂ ತಪ್ಪಿಸದೆ. ಕೋವಿಡ್ ಬಂದ ಮೇಲೆ ಸೈಕಲ್ ಹಂಚಿಕೆ ನಿಂತಿತು. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಸರಿ. ಆದರೆ ಬಸ್ಸು ಬರುವ ಊರಿಗೆ ಮಾತ್ರ ಅದು ಅನ್ವಯ. ಸಂಕ ದಾಟಿ ಹೋಗುವ ಮಕ್ಕಳು ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇನ್ನೂ ಇದ್ದಾರೆ. ಮಳೆಗಾಲದಲ್ಲಿ ಅಂಥ ಮಗು ಹಳ್ಳದ ಪಾಲಾದ ಸುದ್ದಿ ಓದಿದಾಗ ನನಗೆ ಆ ದಿನ ಊಟ ಸೇರುವುದಿಲ್ಲ. ಸಂಕದ ಸಾಹಸವನ್ನು ಬಣ್ಣಿಸುವ ಅಜ್ಜಂದಿರು ಇದನ್ನು ಮರೆಯಬಾರದು.

ಇನ್ನು ನನ್ನ ಮಗನ ಕಾಲ. 1980ರ ದಶಕ, ನನಗೆ ವರ್ಗವಾಗಿದ್ದ ಒಂದು ತಾಲ್ಲೂಕು ಪೇಟೆ. ಅವನು ಗಂಟೆಯ ಬಾಡಿಗೆಯ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತು, ಆರನೇ ಕ್ಲಾಸಿನಿಂದ ತಾನೇ ಶಾಲೆಗೆ ಹೋಗಿಬರುತ್ತಿದ್ದ. ಬರುವಾಗ ತರಕಾರಿ, ಕಾಫಿಪುಡಿ ತರುವುದೂ ಅವನದೇ ಕೆಲಸ. ಚಿಲ್ಲರೆ ಎಣಿಸಲು ಕಲಿತದ್ದು ಹಾಗೆ. ಆ ದಶಕದ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ನಮಗೂ ಅವನಿಗೂ ಭಯ ಇರಲಿಲ್ಲ, ಅಷ್ಟೇ.

ಈಗ ಅದೇ ಮಗನ ಮನೆ ಬೆಂಗಳೂರಿನಲ್ಲಿ. ಮೊಮ್ಮಗಳಿಗೆ ಹತ್ತು ವರ್ಷ. ಶಾಲೆ ಮನೆಯಿಂದ 1.2 ಕಿಲೋಮೀಟರ್, ನಾನೇ ಹೆಜ್ಜೆ ಎಣಿಸಿ ನೋಡಿದ್ದೇನೆ. ಅಷ್ಟಕ್ಕೆ ವ್ಯಾನು. ವ್ಯಾನು ಹತ್ತಿದ್ದಕ್ಕೆ ಮೊಬೈಲಿನಲ್ಲಿ ಒಂದು ಸಂದೇಶ, ಇಳಿದಿದ್ದಕ್ಕೆ ಇನ್ನೊಂದು. ಬೇರೆ ಬೇರೆ ಮನೆ ಸುತ್ತಿ ಹೋಗುವುದರಿಂದ ನಡೆದದ್ದಕ್ಕಿಂತ ಹೆಚ್ಚು ಹೊತ್ತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು 1971ರ ಸಮೀಕ್ಷೆಯನ್ನೇ 1990ರಲ್ಲಿ ಮತ್ತೆ ನಡೆಸಿದರು. 1971ರಲ್ಲಿ ಏಳೆಂಟು ವರ್ಷದ ನೂರು ಮಕ್ಕಳಲ್ಲಿ 80 ಮಕ್ಕಳು ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಉಳಿದದ್ದು 9. ತಂದೆತಾಯಿಯರು ಕೊಟ್ಟ ಮುಖ್ಯ ಕಾರಣ ವಾಹನಗಳು. ರಸ್ತೆ ಅಪಘಾತದಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿದಿದೆ, ಆದ್ದರಿಂದ ರಸ್ತೆ ಸುರಕ್ಷಿತವಾಗಿದೆ ಎಂಬ ಮಾತನ್ನು ಹಿಲ್‌ಮನ್ ಒಪ್ಪಲಿಲ್ಲ. ರಸ್ತೆ ಸುರಕ್ಷಿತವಾದದ್ದಲ್ಲ, ರಸ್ತೆಯಿಂದ ಮಕ್ಕಳನ್ನೇ ತೆಗೆದುಬಿಟ್ಟಿದ್ದೀರಿ ಎಂಬುದು ಅವರ ವಾದ. ಮಕ್ಕಳನ್ನು ಬಿಡಲು ಬರುವ ಕಾರುಗಳಿಂದಲೇ ಶಾಲೆಯ ಮುಂದೆ ನಡೆಯುವ ಮಕ್ಕಳಿಗೆ ಅಪಾಯ ಹೆಚ್ಚುತ್ತದೆ. ಅದನ್ನು ನೋಡಿ ಇನ್ನಷ್ಟು ಜನ ಕಾರು ತರುತ್ತಾರೆ. ನಮ್ಮ ಮೊಮ್ಮಗಳ ಶಾಲೆಯ ಗೇಟಿನ ಮುಂದೆ ಬೆಳಿಗ್ಗೆ ಎಂಟಕ್ಕೆ ನಿಂತರೆ ಇದಕ್ಕೆ ಬೇರೆ ಸಾಕ್ಷಿ ಬೇಡ.

ಜಪಾನಿನಲ್ಲಿ ಬೇರೆ ರೀತಿ. ಅಲ್ಲಿ ಒಂದನೇ ತರಗತಿಯ ಮಕ್ಕಳೂ ನಡೆದೇ ಹೋಗುತ್ತಾರೆ. ಎಷ್ಟೋ ಊರುಗಳಲ್ಲಿ ಒಂದು ಕೇರಿಯ ಮಕ್ಕಳೆಲ್ಲ ಗೊತ್ತಾದ ಜಾಗದಲ್ಲಿ ಸೇರಿ, ಆರನೇ ತರಗತಿಯವರನ್ನು ಮುಂದಿಟ್ಟುಕೊಂಡು ಸಾಲಾಗಿ ಹೊರಡುತ್ತಾರೆ. ಚಿಕ್ಕವರಿಗೆ ದೂರಕ್ಕೂ ಕಾಣುವ ಹಳದಿ ಟೊಪ್ಪಿ. ರಸ್ತೆ ದಾಟುವಲ್ಲಿ ತಂದೆತಾಯಿಯರೋ ಊರಿನ ಹಿರಿಯರೋ ಬಾವುಟ ಹಿಡಿದು ನಿಂತಿರುತ್ತಾರೆ. ಕೆಲವು ಮನೆ, ಅಂಗಡಿಗಳ ಬಾಗಿಲಿಗೆ 110 ಎಂಬ ಅಂಕೆಯಿರುವ ಫಲಕ ಇರುತ್ತದೆ. 110 ಅಲ್ಲಿನ ಪೊಲೀಸರ ಸಂಖ್ಯೆ. ಹೆದರಿಕೆಯಾದರೆ ಮಗು ಆ ಮನೆಗೆ ಓಡಬಹುದು. ಶಾಲೆಯ ಹೊತ್ತಿನಲ್ಲಿ ಕೆಲವು ರಸ್ತೆಗಳಿಗೆ ವಾಹನಗಳೇ ಬರುವಂತಿಲ್ಲ. ಓದುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ಉಣುಗೋಲಿನ ಕೂಗು, ಬೀಡಿ ಅಂಗಡಿಯವರ ಕಣ್ಣು. ನಮಗೆ ತಾನಾಗಿ ಇದ್ದದ್ದನ್ನು ಅವರು ಕೂತು ಏರ್ಪಾಡು ಮಾಡಿಕೊಂಡಿದ್ದಾರೆ.

ಕಳೆದ ದಸರಾ ರಜೆ ಮುಗಿದ ಮೇಲೆ ಮೊಮ್ಮಗಳು "ಅಜ್ಜ, ನಾನು ನಡ್ಕೊಂಡು ಹೋಗ್ಲಾ? ಒಬ್ಬಳೇ?" ಎಂದಳು. ನಾನು ಹೂಂ ಎನ್ನುವ ಮೊದಲೇ ಸೊಸೆ, "ಮಾವ, ನಿಮ್ಮೂರಲ್ಲಿ ಹಳ್ಳ ಇತ್ತು, ಇಲ್ಲಿ ನೀರಿನ ಟ್ಯಾಂಕರ್ ಇದೆ. ಹಳ್ಳ ತಾನಿದ್ದ ಜಾಗ ಬಿಟ್ಟು ಬರ್ತಿರಲಿಲ್ಲ" ಎಂದಳು. ಸರಿಯಾದ ಮಾತು. ಮೂವರೂ ಒಂದು ಭಾನುವಾರ ಆ ದಾರಿಯಲ್ಲಿ ನಡೆದೆವು. ಅಗೆದು ಬಿಟ್ಟ ಫುಟ್‌ಪಾತ್ ಎರಡು ಕಡೆ. ಬೀದಿನಾಯಿಗಳ ಒಂದು ಗುಂಪು, ಸ್ವಭಾವದಲ್ಲಿ ಸಾಧು. ಫುಟ್‌ಪಾತ್ ಮೇಲೆಯೇ ಬರುವ ಸ್ಕೂಟರುಗಳು. ಅದರಲ್ಲಿ ಎರಡನ್ನು ಓಡಿಸುತ್ತಿದ್ದವರಿಗೆ ಮೀಸೆಯೂ ಬಂದಿರಲಿಲ್ಲ. (ಹೈಸ್ಕೂಲು ಹುಡುಗರೇ, ಇದು ಸ್ವಾತಂತ್ರ್ಯ ಅಲ್ಲ. 2019ರ ತಿದ್ದುಪಡಿಯ ನಂತರ ಸಿಕ್ಕಿಬಿದ್ದರೆ ದಂಡ 25,000 ರೂಪಾಯಿ, ಜೈಲಿಗೆ ಹೋಗಬೇಕಾದವರು ನಿಮ್ಮಪ್ಪ.) ಉಳಿದಂತೆ ನಿಜವಾಗಿ ಅಪಾಯ ಇದ್ದದ್ದು ಒಂದೇ ಜಾಗ: ಸಿಗ್ನಲ್ ಇಲ್ಲದ ದೊಡ್ಡ ರಸ್ತೆ.

ಹಾಗಾಗಿ ಒಪ್ಪಂದ ಆಯಿತು. ದೊಡ್ಡ ರಸ್ತೆಯವರೆಗೆ ಅವಳು ಮುಂದೆ, ನಾನು ಹಿಂದೆ. ದಾಟುವಾಗ ಜೊತೆಗೆ. ಆಮೇಲಿನ 500 ಮೀಟರ್ ಅವಳೊಬ್ಬಳೇ. ಮೊದಲ ವಾರ ಸೊಸೆ ಶಾಲೆಯ ಗೇಟಿನಲ್ಲಿ ನಿಂತು ನೋಡಿದಳು. ಎರಡನೇ ವಾರ ನಿಲ್ಲಲಿಲ್ಲ. ಸ್ನೇಹಿತೆಯರ ಕಣ್ಣಿಗೆ ಬೀಳಬಾರದೆಂದು ನನಗೆ ಎಳನೀರು ಗಾಡಿಯ ಹಿಂದೆ ನಿಲ್ಲಲು ಅಪ್ಪಣೆಯಾಗಿದೆ. ನಾನು ತಡವಾಗಿ ಬಂದ ಸಂಜೆ ಎಳನೀರಿನವರೇ, "ನಿಮ್ಮ ಹುಡುಗಿ ಇನ್ನೂ ಬಂದಿಲ್ಲ ಸಾರ್, ನೋಡ್ತಾ ಇದೀನಿ" ಎಂದರು. ಹೋದ ವಾರ ಎರಡನೇ ಕ್ರಾಸಿನ ಹುಡುಗನೊಬ್ಬ ಇವಳ ಜೊತೆ ಸೇರಿಕೊಂಡ. ಅವನ ಅಜ್ಜಿ ದೊಡ್ಡ ರಸ್ತೆ ದಾಟಿಸಲು ತಾವೂ ಬರುತ್ತೇನೆ ಎಂದಿದ್ದಾರೆ. ಬರುವ ಸೋಮವಾರದಿಂದ ಬುಧವಾರದವರೆಗೆ ಅವರ ಪಾಳಿ, ಉಳಿದ ದಿನ ನನ್ನದು.