ಹೊಟ್ಟೆ ತುಂಬಿದರೂ ಕೈ ನಿಲ್ಲದಿದ್ದಾಗ



ಮದುವೆ ಮನೆಯಲ್ಲಿ ಎರಡು ಹೋಳಿಗೆ ಸಾಕಿತ್ತು, ನಾಲ್ಕು ತಿಂದಿರಿ. ಜಾತ್ರೆಯಲ್ಲಿ ಗೆಳೆಯರ ಜೊತೆ ಮಂಡಕ್ಕಿ, ಭಜಿ ಹೊಟ್ಟೆ ಬಿರಿಯುವಷ್ಟು ಹೊಡೆದಿರಿ. ರಾತ್ರಿ ಹೊಟ್ಟೆ ಭಾರ, ಬೆಳಿಗ್ಗೆ ಎಲ್ಲ ಸರಿ. ಇದರಲ್ಲಿ ಕಾಯಿಲೆ ಏನೂ ಇಲ್ಲ. ಅದು ನಾಲ್ಕು ಜನರೊಂದಿಗೆ ಕೂತು ನಗುತ್ತಾ ಮಾಡಿದ ಊಟ.

ಇನ್ನೊಂದು ಬಗೆಯ ತಿನ್ನುವಿಕೆ ಇದೆ. ಹಸಿವೇ ಇರುವುದಿಲ್ಲ, ಆದರೂ ಕೈ ತಿಂಡಿ ಡಬ್ಬಿಗೆ ಹೋಗುತ್ತದೆ. ಯಾರೂ ನೋಡದ ಹಾಗೆ, ಗಬಗಬನೆ, ರುಚಿಯೂ ತಿಳಿಯದಂತೆ ತಿನ್ನುವುದಾಗುತ್ತದೆ. ಹೊಟ್ಟೆ ನೋಯುತ್ತಿದ್ದರೂ ಕೈ ನಿಲ್ಲುವುದಿಲ್ಲ. ಆಮೇಲೆ ನಾಚಿಕೆ, ತನ್ನ ಮೇಲೆ ತನಗೇ ಅಸಹ್ಯ. ‘ನಾಳೆ ಏನೂ ತಿನ್ನೋದೇ ಇಲ್ಲ’ ಎಂಬ ಶಪಥ ಬೇರೆ!

ಇದನ್ನು ವೈದ್ಯರು ‘ಬಿಂಜ್ ಈಟಿಂಗ್’ ಎನ್ನುತ್ತಾರೆ, ಅಂದರೆ ಹಿಡಿತ ತಪ್ಪಿ ತಿನ್ನುವುದು. ಸರಾಸರಿ ವಾರಕ್ಕೊಮ್ಮೆಯಂತೆ ಮೂರು ತಿಂಗಳು ಇದು ನಡೆದರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಇದು ಈಗ ಇದೆ. ಹುಡುಗಿಯರಿಗೆ ಮಾತ್ರವಲ್ಲ, ಹುಡುಗರಿಗೂ ಬರುತ್ತದೆ. ದಪ್ಪಗಿರುವವರಿಗಷ್ಟೇ ಅಲ್ಲ, ತೆಳ್ಳಗಿರುವವರಿಗೂ ಬರಬಹುದು. ಹಲವರಲ್ಲಿ ಇದು ಶುರುವಾಗುವುದು ಹದಿಹರೆಯದಲ್ಲೇ.

ನಮ್ಮಲ್ಲಿ ಇದಕ್ಕೆ ಸಿದ್ಧವಾಗಿರುವ ಹೆಸರುಗಳು ‘ಹೊಟ್ಟೆಬಾಕ’, ‘ಬಕಾಸುರ’, ‘ಬಾಯಿಚಪಲ’. ಆದರೆ ಇದು ನಿಜವಾಗಿಯೂ ಬಾಯಿಚಪಲವೇ? ಒಂದು ಹಳೆಯ ಪ್ರಯೋಗವನ್ನು ನೋಡೋಣ ಬನ್ನಿ.

ಮಿನೆಸೋಟದ 36 ಯುವಕರು

ಎರಡನೇ ಮಹಾಯುದ್ಧದ ಕೊನೆಯ ಕಾಲ. ಯುರೋಪಿನಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸೊರಗಿದ್ದರು. ಅವರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯಬೇಕಿತ್ತು. ಅದಕ್ಕಾಗಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ 36 ಯುವಕರು ಸ್ವಇಚ್ಛೆಯಿಂದ ಮುಂದೆ ಬಂದರು. ಎಲ್ಲರೂ ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದವರು. ಹಾಗೆಂದೇ ಅವರನ್ನು ಆರಿಸಿದ್ದು.

24 ವಾರ ಅವರಿಗೆ ಅರೆಹೊಟ್ಟೆ ಊಟ. ಆಗ ಸೊರಗಿದ್ದು ದೇಹ ಮಾತ್ರವಲ್ಲ. ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ, ಊಟದ್ದೇ ಮಾತು. ಕೆಲವರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ತಟ್ಟೆ ನೆಕ್ಕಿದರು. ಸಣ್ಣದಕ್ಕೂ ಸಿಟ್ಟು ಬರುತ್ತಿತ್ತು, ಮಂಕು ಕವಿಯುತ್ತಿತ್ತು. ಗೆಳೆತನ, ನಗು ಎಲ್ಲ ಬೇಡವಾಯಿತು.

ಅಚ್ಚರಿ ಇರುವುದು ಮುಂದೆ. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರು ಲೆಕ್ಕವಿಲ್ಲದಷ್ಟು ತಿಂದರು. ಹೊಟ್ಟೆ ಬಿರಿದರೂ ‘ಇನ್ನೂ ಹಸಿವು’ ಎಂದರು. ಈ ಎಲ್ಲ ವಿವರಗಳನ್ನು ಕೀಸ್ ಮತ್ತು ಸಂಗಡಿಗರು 1950ರಲ್ಲಿ ಎರಡು ಸಂಪುಟಗಳ ಪುಸ್ತಕವಾಗಿ ಪ್ರಕಟಿಸಿದರು.

ಈ ಯುವಕರು ಹೊಟ್ಟೆಬಾಕರಾಗಿರಲಿಲ್ಲ. ಅವರ ಹಿಡಿತ ತಪ್ಪಿಸಿದ್ದು ಹಸಿವು.

ದೇಹದ ಲೆಕ್ಕಾಚಾರ

ನಮ್ಮ ಮಿದುಳಿನ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ಹಸಿವಿನ ಲೆಕ್ಕ ಇಡುತ್ತದೆ. ಹೊಟ್ಟೆ ಖಾಲಿಯಾದಾಗ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಟು ‘ಊಟ ಬೇಕು’ ಎನ್ನುತ್ತದೆ. ಇದನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ‘ದಾಸ್ತಾನು ಇದೆ, ಸಾಕು’ ಎನ್ನುತ್ತದೆ. ಇದು ಗೊತ್ತಾದದ್ದು 1994ರಲ್ಲಿ. ಊಟ ಬಿಡುತ್ತಾ ಹೋದರೆ ‘ಬೇಕು’ ಎಂಬ ಕೂಗು ಜೋರಾಗುತ್ತದೆ, ‘ಸಾಕು’ ಎಂಬುದು ಕ್ಷೀಣಿಸುತ್ತದೆ. ದೇಹಕ್ಕೆ ನಿಮ್ಮ ಡಯಟ್ ಗೊತ್ತಿಲ್ಲ. ಬರಗಾಲ ಬಂತು ಅಂತಲೇ ಅದು ತಿಳಿಯುತ್ತದೆ.

ಈಗ ನಿಮ್ಮದೇ ತರಗತಿಯನ್ನು ನೆನೆಯಿರಿ. ‘ಡುಮ್ಮಿ’, ‘ಗುಂಡ’ ಎಂದು ಯಾರೋ ಅಂದರು. ಫೋನಿನಲ್ಲಿ ತೆಳ್ಳನೆಯ ಚಿತ್ರಗಳು. ಮರುದಿನದಿಂದ ಬೆಳಗಿನ ತಿಂಡಿ ಇಲ್ಲ, ಮಧ್ಯಾಹ್ನ ಅರೆ ಊಟ. ಸಂಜೆ ಶಾಲೆಯಿಂದ ಬಂದಾಗ ತಡೆದ ಹಸಿವೆಲ್ಲ ಒಟ್ಟಿಗೆ ನುಗ್ಗುತ್ತದೆ. ತಿಂದ ಮೇಲೆ ನಾಚಿಕೆ, ಆ ನಾಚಿಕೆಗೆ ಮತ್ತೆ ಉಪವಾಸ. ಗಾಣದೆತ್ತಿನ ಹಾಗೆ ಒಂದೇ ಸುತ್ತು!

ಮನಸ್ಸೂ ಇದೇ ಸುತ್ತಿನಲ್ಲಿದೆ. ಪರೀಕ್ಷೆಯ ಭಯ, ಮನೆಯಲ್ಲಿ ಜಗಳ, ಒಂಟಿತನ ಇವು ಹೆಚ್ಚಾದಾಗ ಸಿಹಿ, ಕರಿದ ತಿಂಡಿ ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತದೆ. ಮಿದುಳು ಅದನ್ನು ನೆನಪಿಟ್ಟುಕೊಂಡು ಮತ್ತೆ ಕೇಳುತ್ತದೆ. ಖಿನ್ನತೆ, ಆತಂಕ ಇರುವವರಲ್ಲಿ ಬಿಂಜ್ ಈಟಿಂಗ್ ಹೆಚ್ಚು. ಬಿಂಜ್ ಈಟಿಂಗ್ ಇರುವವರಲ್ಲಿ ಖಿನ್ನತೆ, ಆತಂಕವೂ ಹೆಚ್ಚು. ಒಂದು ಇನ್ನೊಂದನ್ನು ಬೆಳೆಸುತ್ತದೆ.

ಸುತ್ತು ಮುರಿಯುವುದು ಹೇಗೆ?

ಶಪಥದಿಂದಲ್ಲ, ಊಟದಿಂದ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ಏನಾದರೂ ಸ್ವಲ್ಪ, ರಾತ್ರಿ ಊಟ ಹೀಗೆ ಹೊತ್ತು ಹೊತ್ತಿಗೆ ತಿನ್ನಿ. ನಿನ್ನೆ ಜಾಸ್ತಿ ತಿಂದಿದ್ದರೂ ಇವತ್ತಿನ ತಿಂಡಿ ಬಿಡಬೇಡಿ. ಚಿಕಿತ್ಸೆಯಲ್ಲೂ ಮೊದಲು ಮಾಡಿಸುವುದು ಇದನ್ನೇ. ಹಿಡಿತ ತಪ್ಪುವ ಮುಂಚೆ ಏನಾಗಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಹಸಿವೋ, ಸಿಟ್ಟೋ, ಬೇಜಾರೋ? ಕೆಲವೇ ದಿನಗಳಲ್ಲಿ ಕಾರಣ ಕಾಣತೊಡಗುತ್ತದೆ.

ಎರಡನೆಯದು, ಒಬ್ಬರಿಗಾದರೂ ಹೇಳುವುದು. ಅಮ್ಮ, ಅಕ್ಕ, ನಿಮಗೆ ಹತ್ತಿರವಾದ ಟೀಚರ್, ಯಾರಾದರೂ ಸರಿ. ಈ ಕಾಯಿಲೆ ಬೆಳೆಯುವುದೇ ಗುಟ್ಟಿನಲ್ಲಿ. ‘ತಿನ್ನೋಕೆ ಶುರು ಮಾಡಿದ್ರೆ ನಿಲ್ಲಿಸೋಕಾಗ್ತಿಲ್ಲ’ ಎಂಬಷ್ಟು ಹೇಳಿದರೂ ಸಾಕು. ತಿಂದದ್ದನ್ನು ಹೊರಹಾಕುವ ಯೋಚನೆ ಬರುತ್ತಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಒಂದು ದಿನವೂ ತಡಮಾಡದೆ ದೊಡ್ಡವರಿಗೆ ಹೇಳಿ ವೈದ್ಯರ ಬಳಿ ಹೋಗಿ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಗುಣವಾಗುತ್ತದೆ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಸಂಖ್ಯೆ 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕಾಸರಗೋಡಿನಿಂದಾಗಲಿ, ಅಕ್ಕಲಕೋಟೆಯಿಂದಾಗಲಿ, ತಾಳವಾಡಿಯಿಂದಾಗಲಿ ಕರೆ ಮಾಡಬಹುದು. ಆಯ್ದುಕೊಳ್ಳುವ ಭಾಷೆಗಳಲ್ಲಿ ಕನ್ನಡವೂ ಇದೆ. ಮನಸ್ಸಿನ ನೋವನ್ನು ಮನೆಮಾತಿನಲ್ಲಿ ಹೇಳಿಕೊಳ್ಳುವುದು ಸುಲಭ ಅಲ್ಲವೇ?

ಕೊನೆಯದಾಗಿ, ಈ ಕಾಯಿಲೆ ಇಲ್ಲದವರಿಗೂ ಒಂದು ಕೆಲಸವಿದೆ. ಗೆಳೆಯರ ತಟ್ಟೆ ನೋಡಿ, ಮೈ ನೋಡಿ ತಮಾಷೆ ಮಾಡಬೇಡಿ. ಯಾರಾದರೂ ಡಬ್ಬಿ ತೆರೆಯದೆ ಕೂತಿದ್ದರೆ ‘ಬಾ, ಜೊತೆಗೆ ಊಟ ಮಾಡೋಣ’ ಎಂದು ಕರೆಯಿರಿ.