ಹೆಳವರ ಹೊತ್ತಿಗೆ ಮತ್ತು ಜಾಹೀರಾತಿನ ಗುರುತು: ಗಣಕ ವ್ಯವಸ್ಥೆಗಳಲ್ಲಿ ಮನೆಯ ಗುಟ್ಟಿನ ಪ್ರಶ್ನೆ

ಒಂದು ಮನೆತನದ ವಿವರಗಳನ್ನು ಹೊರಗಿನವರು ಸಂಗ್ರಹಿಸಿಡುವುದು ಕನ್ನಡ ಜನಪದಕ್ಕೆ ಹೊಸದಲ್ಲ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮರೆಮಾಡಿಕೊಂಡು ಊರೂರು ತಿರುಗುವ ಹೆಳವರನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಬಳ್ಳಾರಿ ಮತ್ತು ಮೈಸೂರು ಸೀಮೆಗಳ ಗ್ರಾಮಚರಿತ್ರೆಯ ಪಾಲಕರೆಂದು ಗುರುತಿಸಿದ್ದಾನೆ. ಹೆಳವನು ತನ್ನ ಒಕ್ಕಲು ಮನೆಯ ಪೀಳಿಗೆಗಳನ್ನು ಬಲ್ಲವನು. ಆದರೆ ಆ ವಂಶಾವಳಿಯನ್ನು ಅದೇ ಮನೆಯ ಅಂಗಳದಲ್ಲಿ, ಮನೆಯವರ ಎದುರಿನಲ್ಲಿ, ಅವರ ಮಾತಿನಲ್ಲಿಯೇ ಹೇಳುತ್ತಾನೆ. ತಪ್ಪಿದ ಹೆಸರನ್ನು ಹಿರಿಯರು ತಿದ್ದಬಹುದು. ಪ್ರತಿಫಲವಾಗಿ ಸಲ್ಲುವ ದವಸವೂ ಎಲ್ಲರ ಕಣ್ಣೆದುರೇ ಅಳೆಯಲ್ಪಡುತ್ತದೆ.

ಇಂದು ಇದೇ ಬಗೆಯ ಸಂಗ್ರಹಕಾರ್ಯವನ್ನು ಗಣಕ ಹಾಗೂ ಮೊಬೈಲುಗಳ ಆಪರೇಟಿಂಗ್ ಸಿಸ್ಟಮ್‌ಗಳು ಸುಲಭಗೊಳಿಸಿವೆ. ಯಂತ್ರದ ಎಲ್ಲ ಕೆಲಸಗಳನ್ನೂ ನಡೆಸುವ ಈ ಮೂಲ ತಂತ್ರಾಂಶವು ಪ್ರತಿ ಯಂತ್ರಕ್ಕೂ ಅಂಕಿ ಮತ್ತು ಅಕ್ಷರಗಳಿಂದಾದ 32 ಚಿಹ್ನೆಗಳ ಒಂದು 'ಜಾಹೀರಾತು ಗುರುತ'ನ್ನು ನೀಡುತ್ತದೆ. ಅದರಲ್ಲಿ ಬಳಕೆದಾರರ ಹೆಸರಿರುವುದಿಲ್ಲ. ಆದರೆ ಬೇರೆ ಬೇರೆ ಆಪ್‌ಗಳು ತಮ್ಮ ಮಾಹಿತಿಯನ್ನು ಇದೇ ಗುರುತಿಗೆ ಜೋಡಿಸುವುದರಿಂದ ಹುಡುಕಿದ ಔಷಧಿ, ನೋಡಿದ ಸೀರೆ, ನಿಂತ ಸ್ಥಳ ಎಲ್ಲವೂ ಒಂದೆಡೆ ಸೇರುತ್ತವೆ. ಪರದೆಯ ಮೇಲೆ ಜಾಹೀರಾತಿನ ಜಾಗ ತೆರೆದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹರಾಜಾಗುತ್ತದೆ.

ಈ ಬೆಳವಣಿಗೆಯ ಕೆಲವು ಘಟ್ಟಗಳು ಗಮನಾರ್ಹ. ಆಪಲ್ ಸಂಸ್ಥೆ 2012ರಲ್ಲಿ, ಗೂಗಲ್‌ನ ಆಂಡ್ರಾಯ್ಡ್ 2013ರಲ್ಲಿ ಇಂತಹ ಗುರುತನ್ನು ಬಳಕೆಗೆ ತಂದವು. 2012ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 12.10, ಬಳಕೆದಾರರು ತಮ್ಮದೇ ಗಣಕದಲ್ಲಿ ಹುಡುಕಲು ಬರೆದ ಪದಗಳನ್ನು ಹೊರಗಿನ ಸರ್ವರ್‌ಗೆ ಕಳುಹಿಸಿ ಅಮೆಜಾನ್‌ನ ಸರಕುಗಳನ್ನು ತೋರಿಸಿತು. ತೀವ್ರ ಟೀಕೆ ಎದುರಿಸಿದ ಈ ಏರ್ಪಾಡು 2016ರ ಆವೃತ್ತಿಯಲ್ಲಿ ತಾನಾಗಿ ಚಾಲೂ ಇರುವುದು ನಿಂತಿತು. 2015ರ ವಿಂಡೋಸ್ 10ರಲ್ಲಿ 'ಎಕ್ಸ್‌ಪ್ರೆಸ್' ಸಿದ್ಧತೆಯನ್ನು ಒಪ್ಪಿದವರಿಗೆ ಜಾಹೀರಾತು ಗುರುತು ತಾನಾಗಿಯೇ ಚಾಲೂ ಆಗುತ್ತಿತ್ತು. 2021ರ ಏಪ್ರಿಲ್‌ನಿಂದ ಆಪಲ್, ಪ್ರತಿ ಆಪ್ ಈ ಗುರುತನ್ನು ಓದುವ ಮುನ್ನ ಬಳಕೆದಾರರ ಅನುಮತಿ ಕೇಳಬೇಕೆಂದು ವಿಧಿಸಿತು.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಂತಹ ಹೋಬಳಿಯಲ್ಲಿ ಈ ಸಮಸ್ಯೆಗೆ ಮತ್ತೊಂದು ಮುಖವಿದೆ. ಗುರುತು ಯಂತ್ರದ್ದೇ ಹೊರತು ವ್ಯಕ್ತಿಯದಲ್ಲ. ಒಂದೇ ಮೊಬೈಲಿನಲ್ಲಿ ತಂದೆ ಬೆಳೆಯ ಧಾರಣೆ ನೋಡಿ, ತಾಯಿ ಕಾಯಿಲೆಯ ಮದ್ದು ಹುಡುಕಿ, ಮಗು ಪಾಠ ಕೇಳುವ ಮನೆಯಲ್ಲಿ ಮೂವರ ಬದುಕೂ ಒಂದೇ ಖಾತೆಗೆ ಬೀಳುತ್ತದೆ. ತಾಯಿ ಮನೆಯವರಿಂದಲೂ ಮುಚ್ಚಿಟ್ಟ ಕಾಯಿಲೆ, ಮಗನ ಕೈಯಲ್ಲಿರುವ ಪರದೆಯ ಮೇಲೆ ಜಾಹೀರಾತಾಗಿ ಮೂಡಬಹುದು.

ಹಳೆಯ ಗ್ರಾಮಜೀವನದಲ್ಲಿ ಖಾಸಗಿತನ ಸಮೃದ್ಧವಾಗಿತ್ತೆಂದು ಭಾವಿಸುವುದು ತಪ್ಪಾದೀತು. ಊರಿನ ಕಣ್ಣು ಹೆಣ್ಣುಮಕ್ಕಳ ಮೇಲೂ ಕೆಳಜಾತಿಯವರ ಮೇಲೂ ಭಾರವಾಗಿಯೇ ಇತ್ತು. ಆದರೆ ನೋಡುವವರು ಯಾರೆಂಬುದು ತಿಳಿದಿರುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಕಳೆದುಹೋಗಿರುವುದು ಈ ಎದುರುಬದುರಿನ ಸಂಬಂಧ.

ಇದನ್ನು ಮರಳಿ ಕೇಳುವ ಕಾನೂನಿನ ದಾರಿಗೆ ಕನ್ನಡ ನಾಡಿನ ನಂಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ಸಮ್ಮತಿಯ ಕೋರಿಕೆ ಸರಳವಾಗಿರಬೇಕು, ಅದನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವಿರಬೇಕು ಎಂದೂ ಹೇಳುತ್ತದೆ. ಕನ್ನಡವೂ ಅವುಗಳಲ್ಲೊಂದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕಲಮುಗಳ ಜಾರಿಗೆ 18 ತಿಂಗಳ ಅವಧಿ ನೀಡಲಾಗಿದೆ. ಆದರೆ ಮನೆಮಂದಿಯೆಲ್ಲ ಬಳಸುವ ಮೊಬೈಲಿನಲ್ಲಿ ಮಗು ಯಾರು, ತಾಯಿ ಯಾರು ಎಂಬುದನ್ನು ಆ ಗುರುತು ಹೇಳುವುದಿಲ್ಲ. ನಿಷೇಧದ ಪರಿಣಾಮ ಇಲ್ಲಿ ಪರೀಕ್ಷೆಗೊಳಗಾಗಲಿದೆ.

ಆಂಡ್ರಾಯ್ಡ್‌ನ ಈಚಿನ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್‌ನ ಖಾಸಗಿತನ ವಿಭಾಗದೊಳಗಿನ ಜಾಹೀರಾತು ಪುಟದಲ್ಲಿ ಈ ಗುರುತನ್ನು ಅಳಿಸಬಹುದು. ಬಳಿಕ ಅದನ್ನು ಕೇಳುವ ಆಪ್‌ಗಳಿಗೆ ಬರಿಯ ಸೊನ್ನೆಗಳು ದೊರೆಯುತ್ತವೆ. ಜಾಹೀರಾತುಗಳು ನಿಲ್ಲುವುದಿಲ್ಲ, ಆಪ್‌ಗಳು ಬೇರೆ ದಾರಿಯಿಂದ ಗುರುತಿಸುವುದೂ ಪೂರ್ತಿ ತಪ್ಪುವುದಿಲ್ಲ. ಆದರೂ ಹೆಳವನ ಹೊತ್ತಿಗೆಯಲ್ಲಿ ತಪ್ಪಿದ ಹೆಸರನ್ನು ತಿದ್ದಿಸುತ್ತಿದ್ದ ಮನೆಯ ಹಿರಿಯರ ಅಧಿಕಾರದ ಒಂದಂಶವಾದರೂ ಇದರಿಂದ ಮನೆಗೆ ಮರಳುತ್ತದೆ.